ಬೂದಿ ನೆಕ್ಕಿದ ಕೈ

ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಂಡು ಮೂರನೇ ಸಲ ಒತ್ತಿದಾಗಲೂ ಹಾಜರಿ ಯಂತ್ರ ಅದೇ ನಯವಾದ ಹೆಣ್ಣುದನಿಯಲ್ಲಿ ‘ಮತ್ತೆ ಪ್ರಯತ್ನಿಸಿ’ ಎಂದಿತು. ಬೆನ್ನ ಹಿಂದೆ ಸಾಲು ಬೆಳೆಯುತ್ತಿತ್ತು.  ಏನೂ ಅನ್ನದೆ ನಿಲ್ಲುವುದು ಕಚೇರಿಯವರಿಗೆಲ್ಲ ಚೆನ್ನಾಗಿ ರೂಢಿಯಾಗಿತ್ತು. ಯಂತ್ರದ ಗಾಜಿನ ಮೇಲೆ ಅವನ ಬೆರಳಿನಿಂದ ಉದುರಿದ ಬಿಳಿ ಹೊಟ್ಟು ಎರಡು ಚೂರು ಕೂತಿದ್ದನ್ನು ಅವನು ಅಂಗಿಯ ತೋಳಿನಿಂದ ಒರೆಸಿದ. ಹಿಂದಿದ್ದ ಟಪಾಲು ವಿಭಾಗದವಳು ತನ್ನ ಸರದಿ ಬಂದಾಗ ಕರ್ಚೀಫು ತೆಗೆದು ಅದೇ ಗಾಜನ್ನು ಇನ್ನೊಮ್ಮೆ ಒರೆಸಿದಳು, ಅವನಿಗೆ ಕಾಣಬಾರದೆಂದು ಮೈಯನ್ನು ಅಡ್ಡ ಮಾಡಿಕೊಂಡು. ಅಡ್ಡ ಮಾಡಿಕೊಂಡದ್ದೇ ಅವನಿಗೆ ಹೆಚ್ಚು ಕಂಡಿತು. ಅವನು ಮೂಲೆಯ ಮೇಜಿಗೆ ಹೋಗಿ, ಯಂತ್ರ ಗುರುತು ಹಿಡಿಯದವರಿಗಾಗಿ ಇಟ್ಟಿದ್ದ ಉದ್ದನೆಯ ಪುಸ್ತಕ ತೆರೆದು ಸಹಿ ಹಾಕಿದ. ಆ ಪುಟದಲ್ಲಿ ಮೂರು ವಾರದಿಂದ ಮೇಲಿಂದ ಕೆಳಗಿನವರೆಗೆ ಅವನೊಬ್ಬನದೇ ಸಹಿ. ಮೂರು ವಾರದಿಂದ ಅವನು ಕೈಗೆ ಮುಲಾಮು ಹಚ್ಚಿರಲಿಲ್ಲ.

ಇವತ್ತು ಸಂಜೆ ಬೂದಿಯ ರಕ್ತದ ವರದಿ ಬರುವುದಿತ್ತು. ಬೂದಿ ಅವನ ಹೆಂಡತಿಯ ಬೆಕ್ಕು. ಹೆಂಡತಿ ಎಲ್ಲಿಂದಲೋ ಎತ್ತಿಕೊಂಡು ಬಂದದ್ದು, ಅವಳ ತೊಡೆಯ ಮೇಲೆ ಬೆಳೆದದ್ದು, ಅವಳ ದಿಂಬಿನ ಪಕ್ಕ ಮಲಗುವುದು. ಬೇಡವೆಂದು ಮೊದಮೊದಲು ಕೂಗಾಡಿದವನೂ ಅವನೇ. ಒಂದೂವರೆ ವರ್ಷದ ಕೆಳಗೆ, ಸೋರಿಯಾಸಿಸ್ ಮೊಣಕೈಯಿಂದ ಅಂಗೈಗೆ ಇಳಿದಾಗ, ಚರ್ಮದ ಡಾಕ್ಟರು ಹೊಸ ಮುಲಾಮು ಬರೆದುಕೊಟ್ಟು, ಇದು ಅಂಟುರೋಗವಲ್ಲ ಎಂದು ಅವನಿಗೂ ಹೆಂಡತಿಗೂ ಎರಡೆರಡು ಸಲ ಹೇಳಿ ಕಳಿಸಿದ್ದರು. ಹೆಂಡತಿ ತಲೆಯಾಡಿಸಿದ್ದಳು. ಮನೆಗೆ ಬಂದು ಅವನಿಗೆ ಬೇರೆ ಟವೆಲು, ಬೇರೆ ಸೋಪು ಇಟ್ಟಳು, ನಗುನಗುತ್ತಲೇ, ‘ನಿಮ್ಮ ಚರ್ಮಕ್ಕೆ ನನ್ನ ಸೋಪು ಉರಿಯುತ್ತೇನೋ’ ಎಂದು. ಜಗಳ ಆಡಲು ಅದರಲ್ಲಿ ಏನೂ ಇರಲಿಲ್ಲ. ಕಾಫಿ ಲೋಟವನ್ನು ಕೈಗೆ ಕೊಡುತ್ತಿದ್ದವಳು ಮೇಜಿನ ಮೇಲೆ ಇಡತೊಡಗಿದಳು. ಅದರಲ್ಲೂ ಏನೂ ಇರಲಿಲ್ಲ. ಹಾಗೆ ಏನೂ ಇಲ್ಲದ್ದು ಒಂದರ ಮೇಲೊಂದು ಸೇರಿ, ಒಂದು ದಿನ ಅವನಿಗೆ ತನ್ನನ್ನು ಯಾರೂ ಮುಟ್ಟಿ ಎಷ್ಟು ತಿಂಗಳಾಯಿತೆಂದು ನೆನಪು ಮಾಡಿಕೊಳ್ಳಲು ಆಗಲಿಲ್ಲ.

ಆಗಲೇ ಬೂದಿ ಅವನ ಹತ್ತಿರ ಬಂದದ್ದು. ಬೆಳಿಗ್ಗೆ ಆರು ಗಂಟೆ, ಹೆಂಡತಿ ಏಳುವ ಮುಂಚೆ, ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅವನು ಟ್ಯೂಬಿನ ಮುಚ್ಚಳ ತೆಗೆದಿದ್ದ. ಟಕ್ ಎಂದು ಸದ್ದಾಯಿತು. ಅಂಗೈಗೆ, ಬೆರಳ ಸಂದಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ಕೈಗೆ ಏನೋ ಒರಟಾಗಿ, ಬೆಚ್ಚಗೆ ತಗುಲಿತು. ಬೂದಿ ನೆಕ್ಕುತ್ತಿತ್ತು. ಗಾಯವಾದ ಮರಿಯನ್ನು ತಾಯಿ ನೆಕ್ಕುವ ಹಾಗೆ, ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ, ಬಿರುಕುಬಿಟ್ಟ ಜಾಗದಲ್ಲಿ ಹೆಚ್ಚು ಹೊತ್ತು ನಿಂತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಅವನು ಅಳುತ್ತಿದ್ದ. ನಲವತ್ತೆಂಟು ವರ್ಷದ ಗಂಡಸು ಬಚ್ಚಲಿನ ಸ್ಟೂಲಿನ ಮೇಲೆ ಕೂತು ಬೆಕ್ಕಿನ ಮುಂದೆ ಅತ್ತ. ಮಾರನೇ ದಿನ ಅವನು ಬಾಗಿಲನ್ನು ಬೇಕೆಂದೇ ಒಂದು ಗೇಣು ತೆರೆದಿಟ್ಟ. ಬೂದಿ ಒಳಗೆ ಬಂದ ಮೇಲೆ ಚಿಲಕ ಹಾಕಿದ. ಹಗಲೆಲ್ಲ ಬೂದಿ ಹೆಂಡತಿಯ ಮಡಿಲಲ್ಲಿ ಕೂತು ಅವನತ್ತ ತಿರುಗಿಯೂ ನೋಡದಿದ್ದರೆ ಅವನಿಗೆ ಒಳಗೊಳಗೇ ನಗು. ಅವಳಿಗೆ ಗೊತ್ತಿಲ್ಲ, ನಮ್ಮಿಬ್ಬರದು ಬೇರೆಯೇ ಇದೆ ಎಂದುಕೊಳ್ಳುತ್ತಿದ್ದ.

‘ಏನು ಸ್ವಾಮಿ, ಮೂಲದಲ್ಲಿ ಇಲ್ಲದ್ದನ್ನ ನೋಡ್ತಾ ಕೂತಿದ್ದೀರಲ್ಲ’ ಎಂದಿತು ಎದುರಿನ ಕುರ್ಚಿ. ಅಲ್ಲಿ ಕೂತವನು ಕಚೇರಿಯ ಓದುವ ಗುಮಾಸ್ತ. ಇವರಿಬ್ಬರದು ನಕಲು ವಿಭಾಗ. ಹಳೆಯ ಪತ್ರಗಳ ನಕಲು ಹೊರಗೆ ಹೋಗುವ ಮುಂಚೆ ಅವನು ಮೂಲವನ್ನು ಗಟ್ಟಿಯಾಗಿ ಓದಬೇಕು, ಇವನು ನಕಲಿನ ಮೇಲೆ ಬೆರಳಿಟ್ಟುಕೊಂಡು ಹೋಗಿ, ಕೊನೆಗೆ ‘ಮೂಲದೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ’ ಎಂಬ ಮೊಹರಿನ ಕೆಳಗೆ ಸಹಿ ಹಾಕಬೇಕು. ಚಿಹ್ನೆಗಳನ್ನೂ ಬಾಯಿಬಿಟ್ಟು ಓದುವುದು ಅಲ್ಲಿಯ ಪದ್ಧತಿಯಾದ್ದರಿಂದ ಆ ಗುಮಾಸ್ತನಿಗೆ ಪೂರ್ಣವಿರಾಮ ಎಂದೇ ಹೆಸರು ನಿಂತುಬಿಟ್ಟಿತ್ತು. ‘ಸದರಿ ಜಮೀನಿನ ಪೂರ್ವಕ್ಕೆ ಕಾಲುದಾರಿ ಅಲ್ಪವಿರಾಮ ಪಶ್ಚಿಮಕ್ಕೆ ಬಾವಿ ಪೂರ್ಣವಿರಾಮ’ ಎಂದು ಅವನು ಹಾಡಿನಂತೆ ಎಳೆಯುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಇವನು ಕೆಲಸಕ್ಕೆ ಸೇರಿದಾಗ ಪೂರ್ಣವಿರಾಮ ಹೇಳಿಕೊಟ್ಟದ್ದು ಒಂದೇ ಮಾತು: ‘ಅರ್ಥಕ್ಕೆ ಹೋಗಬೇಡಿ. ಅರ್ಥ ಹಿಡಿದ್ರೋ, ಕಣ್ಣು ಜಾರಿತು. ಅಕ್ಷರ ನೋಡಿ, ಸಾಕು.’ ಇವನು ಹಾಗೆಯೇ ನಡೆದುಕೊಂಡ. ಯಾರ ಯಾರ ಭಾಗಪತ್ರ, ಯಾರ ಯಾರ ಉಯಿಲು, ಯಾರು ಯಾರನ್ನು ಮನೆಯಿಂದ ಹೊರಹಾಕಿದರು, ಒಂದೂ ಇವನ ತಲೆಗೆ ಹೋಗಲಿಲ್ಲ. ಒಂದು ಕೊಂಬು ಬಿಟ್ಟುಹೋಗಿದ್ದರೆ ಮಾತ್ರ ಇವನ ಬೆರಳು ತಾನಾಗಿ ನಿಲ್ಲುತ್ತಿತ್ತು. ಈಗ ಬೆರಳು ನಕಲಿನ ಹಾಳೆಯ ಮೇಲೆ ಸಾಗುತ್ತಾ ಸಣ್ಣ ರಕ್ತದ ಗೆರೆ ಎಳೆಯಿತು. ಪೂರ್ಣವಿರಾಮ ಓದುವುದನ್ನು ನಿಲ್ಲಿಸಿದ.

‘ಸ್ವಲ್ಪ ಏನಾದ್ರೂ ಹಚ್ಚಿಕೊಳ್ಳಿ ಮಾರಾಯ್ರೆ. ಹಾಳೆ ಹಾಳಾಯ್ತು. ಇನ್ನೊಂದು ತೆಗೀಬೇಕು ಈಗ.’

‘ಹಚ್ತಿದ್ದೀನಿ. ಈ ಸಲ ನಾಟ್ತಾ ಇಲ್ಲ.’

ಇದೇ ಮಾತನ್ನು ಹೆಂಡತಿಗೂ ಹೇಳಿದ್ದ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಆಶ್ಚರ್ಯ. ಮೂರು ವಾರದ ಹಿಂದೆ ಬೂದಿ ಸುಸ್ತಾಗಿ ಬಿದ್ದದ್ದು, ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ನೀರು ಕುಡಿದೂ ಕುಡಿದೂ ಮತ್ತೆ ವಾಂತಿ ಮಾಡಿಕೊಂಡದ್ದು, ಹೆಂಡತಿ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಇವನನ್ನೂ ಎಳೆದುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದದ್ದು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಕನ್ನಡಕ ಹಣೆಗೆ ಏರಿಸಿಕೊಂಡು ವರದಿ ಓದಿದಳು. ‘ರಕ್ತದಲ್ಲಿ ಕ್ಯಾಲ್ಸಿಯಂ ಹದಿನೈದು ಇದೆ. ಬೆಕ್ಕಿಗೆ ಹತ್ತು, ಹನ್ನೊಂದರ ಒಳಗಿರಬೇಕು. ಒಂದು ಸಲ ಬಂದಿದ್ದನ್ನ ನಂಬೋಕಾಗಲ್ಲ ಅಂತ ಮತ್ತೆ ನೋಡಿದ್ವಿ. ಮತ್ತೂ ಹದಿನೈದೇ.’ ಕ್ಯಾಲ್ಸಿಯಂ ಅಂದರೆ ಒಳ್ಳೆಯದಲ್ಲವೇ ಎಂದಳು ಹೆಂಡತಿ. ‘ಮೂಳೆಯಲ್ಲಿದ್ರೆ ಒಳ್ಳೇದು. ರಕ್ತದಲ್ಲಿ ಇಷ್ಟು ಏರಿದ್ರೆ ಕಿಡ್ನಿ ಹೋಗುತ್ತೆ. ಗಡ್ಡೆ ಗಿಡ್ಡೆ ಇದೆಯಾ ಸ್ಕ್ಯಾನ್ ಮಾಡ್ತೀನಿ. ಕೆಲವು ಬೆಕ್ಕಿಗೆ ಕಾರಣವೇ ಗೊತ್ತಾಗಲ್ಲ. ಆದ್ರೆ ಮೊದಲು ಹೇಳಿ, ವಿಟಮಿನ್ ಡಿ ಇರೋದು ಏನಾದ್ರೂ ಇದರ ಹೊಟ್ಟೆಗೆ ಹೋಗಿರಬಹುದಾ? ಇಲಿ ಪಾಷಾಣದಲ್ಲೂ ಇರುತ್ತೆ.’

ಅವನ ಕೈಗಳು ಪ್ಯಾಂಟಿನ ಜೇಬಿನಲ್ಲಿದ್ದವು. ಮುಲಾಮಿನ ಪೆಟ್ಟಿಗೆಯಲ್ಲಿದ್ದ ಕಾಗದ ಅವನ ಕಣ್ಣ ಮುಂದೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಒಂದೂವರೆ ವರ್ಷದ ಹಿಂದೆ ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದ, ಇರುವೆ ಗಾತ್ರದ ಅಕ್ಷರಗಳನ್ನೂ ಬಿಡದೆ. ಈ ಔಷಧಿ ವಿಟಮಿನ್ ಡಿ ಜಾತಿಯದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಹಚ್ಚಿದ ಜಾಗವನ್ನು ಸಾಕುಪ್ರಾಣಿಗಳು ನೆಕ್ಕದಂತೆ ಎಚ್ಚರ ಎಚ್ಚರ ವಹಿಸಿ. ಅಚ್ಚಿನ ತಪ್ಪಿನಿಂದ ಎರಡು ಸಲ ಬಂದಿದ್ದ ‘ಎಚ್ಚರ’ದಲ್ಲಿ ಒಂದನ್ನು ಅವನು ಪೆನ್ಸಿಲಿನಿಂದ ಹೊಡೆದುಹಾಕಿದ್ದ. ತಪ್ಪು ಸಿಕ್ಕಿದ್ದಕ್ಕೆ ಖುಷಿಪಟ್ಟು, ಕಾಗದ ಮಡಚಿ ಒಳಗಿಟ್ಟಿದ್ದ. ಅರ್ಥಕ್ಕೆ ಹೋಗಿರಲಿಲ್ಲ.

ಹೇಳಬೇಕಾದರೆ ಆಗ ಹೇಳಬೇಕಿತ್ತು. ಒಂದು ಉಗುಳು ನುಂಗುವಷ್ಟು ಹೊತ್ತು ಇತ್ತು. ಆದರೆ ಹೇಳುವುದೆಂದರೆ ಈ ಹುಡುಗಿಯ ಮುಂದೆ ಜೇಬಿನಿಂದ ಕೈ ತೆಗೆಯಬೇಕು, ಇದನ್ನು ಈ ಬೆಕ್ಕು ನೆಕ್ಕುತ್ತಿತ್ತು ಎನ್ನಬೇಕು, ಚಿಲಕ ಹಾಕಿಕೊಂಡು ನೆಕ್ಕಿಸಿಕೊಳ್ಳುತ್ತಿದ್ದೆ ಎನ್ನಬೇಕು. ಪರಸ್ತ್ರೀಯ ಸಹವಾಸ ಒಪ್ಪಿಕೊಳ್ಳುವುದಾದರೂ ಇದಕ್ಕಿಂತ ಮರ್ಯಾದೆಯಾಗಿತ್ತು. ಅವನು ಉಗುಳು ನುಂಗುವುದರೊಳಗೆ ಹೆಂಡತಿ ಕೈ ಬಡಿದಳು. ‘ಎದುರು ಮನೆ ಅಜ್ಜಿ! ಡಾಕ್ಟ್ರೇ, ಅವರು ಮೂಳೆಗೆ ಅಂತ ವಾರಕ್ಕೊಂದು ವಿಟಮಿನ್ ಪುಡಿ ಹಾಲಿಗೆ ಹಾಕ್ಕೊಂಡು ಕುಡೀತಾರೆ. ಇದು ದಿನಾ ಅವರ ಅಡುಗೆಮನೇಲೇ ಬಿದ್ದಿರುತ್ತೆ. ತಮ್ಮ ಲೋಟದಿಂದಲೇ ಹಾಕ್ತಾರೆ, ನಾನೇ ನೋಡಿದ್ದೀನಿ. ಅಲ್ವೇನ್ರೀ?’ ಇಬ್ಬರು ಹೆಂಗಸರೂ ಅವನತ್ತ ನೋಡಿದರು. ‘ಹೌದು, ಇರಬಹುದು’ ಎಂದ ಅವನು. ಇಪ್ಪತ್ತು ವರ್ಷ ‘ಸರಿಯಿದೆ’ ಎಂದು ಸಹಿ ಹಾಕಿದವನ ಬಾಯಿ. ಸುಮ್ಮನಿದ್ದರೂ ನಡೆಯುತ್ತಿತ್ತು, ಮೊಹರು ಒತ್ತಿಬಿಟ್ಟ.

ಮಧ್ಯಾಹ್ನ ಊಟದ ಡಬ್ಬಿ ತೆರೆದರೂ ಅವನಿಗೆ ಸೇರಲಿಲ್ಲ. ಕೈಯ ಉರಿ ಮೊಣಕೈವರೆಗೆ ಏರಿತ್ತು. ಈ ಉರಿಯನ್ನು ಅವನು ಮೂರು ವಾರದಿಂದ ಒಂದು ದೊಡ್ಡ ತ್ಯಾಗದಂತೆ ಹೊತ್ತು ತಿರುಗುತ್ತಿದ್ದ. ಆಸ್ಪತ್ರೆಯಿಂದ ಬಂದ ರಾತ್ರಿಯೇ ಮುಲಾಮು ಬಿಟ್ಟ. ಬೂದಿಗೆ ನಾಲ್ಕು ದಿನ ಸಲೈನು ಹಾಕಿ ಮನೆಗೆ ಕಳಿಸಿದರು. ಮುಂದಿನ ವಾರದ ವರದಿಯಲ್ಲಿ ಹದಿಮೂರಕ್ಕೆ ಇಳಿಯಿತು. ಬಾಯಿಬಿಟ್ಟು ಹೇಳುವ ಬದಲು ಚರ್ಮ ಸುಲಿಸಿಕೊಳ್ಳುವುದು ಅವನಿಗೆ ಎಷ್ಟೋ ಅಗ್ಗವಾಗಿತ್ತು. ಬೆಲೆ ತೆರುತ್ತಿದ್ದವಳು ಎದುರು ಮನೆಯವಳು. ಹೆಂಡತಿ ಅಂದು ಸಂಜೆಯೇ ಹೋಗಿ, ಸಿಟ್ಟಿನಿಂದಲ್ಲ, ಸಮಾಧಾನವಾಗಿಯೇ ಹೇಳಿದ್ದಳು. ಅಜ್ಜಿ ಒಪ್ಪಲಿಲ್ಲ. ‘ನಾನು ಪುಡಿ ಹಾಕೋದು ಭಾನುವಾರ ಬೆಳಿಗ್ಗೆ, ಆ ಲೋಟ ತೊಳೆದೇ ಇಡ್ತೀನಿ. ಬೂದಿಗೆ ಹಾಕೋದು ಬರೀ ಹಾಲು. ನನಗೆ ಮರೆವು ಅನ್ನಬೇಡ ಕಣಮ್ಮ’ ಎಂದಳು. ಅವಳು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಅರ್ಧ ನಂಬರುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವಳು. ಆದರೆ ಒಳಗಿನಿಂದ ಬಂದ ಅವಳ ಮಗಳು ಬೇರೆ ಮುಖ ಹೊತ್ತು ಬಂದಳು, ಇಂಥದ್ದೊಂದು ಸಾಕ್ಷಿಗೇ ಕಾಯುತ್ತಿದ್ದವಳ ಹಾಗೆ. ‘ಅಮ್ಮ, ಮೊನ್ನೆ ಬೀಗದ ಕೈ ಎಲ್ಲಿಟ್ಟಿದ್ದೆ?’ ಎಂದಳು. ಅಜ್ಜಿ ಸೆರಗಿನ ತುದಿಯ ಗಂಟನ್ನು ತಡಕತೊಡಗಿದಳು.

ಅಲ್ಲಿಂದ ಮುಂದೆ ಎಲ್ಲ ಇಳಿಜಾರು. ಮಾತ್ರೆ ಡಬ್ಬಿಗೆ ಬೀಗ ಬಿತ್ತು. ಮಗಳು ಕೆಲಸಕ್ಕೆ ಹೋಗುವಾಗ ಗ್ಯಾಸ್ ಒಲೆಯ ತಿರುಗಣೆಗಳನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡು ಹೋಗತೊಡಗಿದಳು. ಎರಡನೇ ವಾರ ಮೆಟ್ಟಿಲ ಮೇಲೆ ಸಿಕ್ಕ ಅಜ್ಜಿ, ‘ಭಾನುವಾರ ತಪ್ಪಿ ಬುಧವಾರ ಕುಡಿದಿದ್ನೇನೋ ಕಣಪ್ಪ. ತಳದಲ್ಲಿ ಉಳಿದಿದ್ದನ್ನ ಬೂದಿಗೆ ಹಾಕಿದ್ನೇನೋ’ ಎಂದಳು. ಅವನು ‘ಹೋಗ್ಲಿ ಬಿಡಿ ಅಜ್ಜಿ’ ಎಂದಿದ್ದ, ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಧಾಟಿಯಲ್ಲಿ. ಆ ಧಾಟಿ ನೆನಪಾದಾಗಲೆಲ್ಲ ಅವನಿಗೆ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸುತ್ತಿತ್ತು. ಬೇರೆಯವರ ತಲೆ ಮೇಲೆ ಗೂಬೆ ಕೂರಿಸುವವರನ್ನು ಅವನು ಕಚೇರಿಯಲ್ಲಿ ಬೇಕಾದಷ್ಟು ನೋಡಿದ್ದ. ತಾನು ಅವರಲ್ಲೊಬ್ಬ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಐದೂವರೆಗೆ ಅವನು ಮನೆಯ ಮೆಟ್ಟಿಲು ಹತ್ತುವಾಗ ಅಜ್ಜಿ ಮೊದಲ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ. ಅಚ್ಚುಕಟ್ಟಾಗಿರುವುದಕ್ಕೇ ಈಗ ಅವಳು ವಿಪರೀತ ಶ್ರಮಪಡುತ್ತಿರುವುದು ಕಾಣುತ್ತಿತ್ತು.

‘ಬೂದಿ ಹೇಗಿದೆಯಪ್ಪ?’

‘ಇವತ್ತು ವರದಿ ಬರುತ್ತೆ ಅಜ್ಜಿ.’

‘ನಾಡಿದ್ದು ಮಗಳು ನನ್ನ ಕರ್ಕೊಂಡು ಹೋಗ್ತಾಳಂತೆ, ಹಿರಿಯರ ಮನೆ ಅಂತೆ ಅದು. ಸುಮ್ನೆ ನೋಡ್ಕೊಂಡು ಬರೋಣ ಅಂತಾಳೆ. ಚೀಲಕ್ಕೆ ನಾಲ್ಕು ಜೊತೆ ಬಟ್ಟೆ ಯಾಕೆ ಹಾಕಿದ್ದೀಯೇ ಅಂದೆ, ಮಾತಾಡ್ಲಿಲ್ಲ.’ ಅವಳು ನಗಲು ನೋಡಿದಳು. ‘ಅವಳದ್ದೂ ತಪ್ಪಲ್ಲ. ಇವತ್ತು ಬೆಕ್ಕಿಗೆ ಹಾಕಿದೋಳು ನಾಳೆ ನನಗೇ ಏನು ಮಾಡ್ಕೊಳ್ತೀನೋ ಅಂತ ಭಯ.’

ಹೇಳು, ಎಂದಿತು ಅವನ ಒಳಗೆ ಯಾವುದೋ.  ವರದಿ ಬಂದುಬಿಡಲಿ, ಸರಿಹೋಗಿದೆ ಎಂದು ಗೊತ್ತಾದರೆ ಎಲ್ಲರ ಮನಸ್ಸೂ ತಿಳಿಯಾಗುತ್ತದೆ, ಆಗ ಹೇಳಿದರೂ ಆಯಿತು ಎಂದುಕೊಂಡು ಅವನು ಅವಳ ಪಕ್ಕದಿಂದ ಗೋಡೆಗೆ ಒತ್ತಿಕೊಂಡು ದಾಟಿದ. ತನ್ನ ಕೈ ಅವಳಿಗೆ ತಗುಲದಂತೆ ಎತ್ತಿಕೊಂಡದ್ದು ಅಭ್ಯಾಸಬಲದಿಂದ.

ಬಾಗಿಲು ತೆರೆಯುವಾಗಲೇ ಹೆಂಡತಿಯ ಮುಖ ಅರಳಿತ್ತು. ‘ರೀ, ಹತ್ತೂವರೆ! ಹತ್ತೂವರೆಗೆ ಇಳಿದಿದೆ! ಕಿಡ್ನಿಗೆ ಸ್ವಲ್ಪ ಏಟು ಬಿದ್ದಿದೆಯಂತೆ, ಆದ್ರೆ ಪ್ರಾಣಕ್ಕೇನೂ ಇಲ್ಲ ಅಂದ್ರು. ಹೊಟ್ಟೆಗೆ ಹೋಗ್ತಿದ್ದದ್ದು ನಿಂತಿದ್ದಕ್ಕೇ ಇಳೀತು ಅಂದ್ರು. ನಾನು ಹೇಳ್ಲಿಲ್ವಾ?’ ಅವಳು ಹೇಳಿದ್ದಳು. ಅವಳ ಸಂತೋಷದಲ್ಲಿ ಕಲ್ಮಷವಿರಲಿಲ್ಲ. ಬೂದಿ ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು, ಸಲೈನಿಗಾಗಿ ಬೋಳಿಸಿದ ಮುಂಗಾಲಿನಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಅವಳು ಒಲೆಯ ಕಡೆ ಹೋದಾಗ ಅವನು ಹತ್ತಿರ ಹೋದ. ಮೂರು ವಾರ ದೂರವಿದ್ದ. ದೂರವಿದ್ದದ್ದು ನಿನಗಾಗಿಯೇ ಎಂದು ಬೆಕ್ಕಿಗೆ ಹೇಗೆ ಹೇಳುವುದು. ಅವನು ಅಂಗೈ ಚಾಚಿದ. ಬಿರುಕು, ಹೊಟ್ಟು, ಒಣಗಿದ ರಕ್ತ, ಎಲ್ಲ ಇದ್ದ ಹಾಗೇ. ಬೂದಿ ಮೂಗು ತಂದು ಮೂಸಿತು. ಹೆಬ್ಬೆರಳನ್ನು ಮೂಸಿತು, ಮಣಿಕಟ್ಟನ್ನು ಮೂಸಿತು. ಆಮೇಲೆ ಮುಖ ತಿರುಗಿಸಿ, ಕಟ್ಟೆಯಿಂದ ಇಳಿದು, ಅವನ ಕಾಲನ್ನು ಬಳಸಿಕೊಂಡು ಸೋಫಾದ ಕೆಳಗೆ ಹೋಗಿ ಮಲಗಿತು.

ಅವನು ಚಾಚಿದ ಕೈ ಹಾಗೇ ಇತ್ತು. ಬೇಸರವಾಗಿರಬೇಕು, ಮರೆತಿರಬೇಕು ಎಂದು ಒಂದೆರಡು ನೆಪ ಹುಡುಕಿದ. ಆದರೆ ಒಳಗೆ ಒಂದು ಸಂಶಯ ಹೊಕ್ಕಿತ್ತು, ಅದನ್ನು ಪರೀಕ್ಷೆ ಮಾಡದೆ ಅವನು ಇನ್ನೊಂದು ಗಳಿಗೆ ಬದುಕುವಂತಿರಲಿಲ್ಲ. ಅಜ್ಜಿ, ಹಿರಿಯರ ಮನೆ, ನಾಲ್ಕು ಜೊತೆ ಬಟ್ಟೆ, ಯಾವುದೂ ಆಗ ಅವನ ತಲೆಯಲ್ಲಿರಲಿಲ್ಲ. ಬಚ್ಚಲುಮನೆಗೆ ಹೋಗಿ, ಕನ್ನಡಿಯ ಹಿಂದಿನ ಗೂಡಿನಿಂದ ಟ್ಯೂಬು ತೆಗೆದು, ಸ್ಟೂಲಿನ ಮೇಲೆ ಕೂತ. ಹಚ್ಚುವುದಿಲ್ಲ, ಬರೀ ತೆರೆಯುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಮುಚ್ಚಳ ಟಕ್ ಎಂದಿತು.

ಸೋಫಾದ ಕೆಳಗಿನಿಂದ ಬೂದಿ ಎದ್ದು ಓಡಿ ಬಂತು. ಬಾಲ ನೆಟ್ಟಗೆ ನಿಂತಿತ್ತು, ಗಂಟಲಲ್ಲಿ ಗುರುಗುರು. ಅವನ ಮೊಣಕಾಲಿಗೆ ಕಾಲು ಕೊಟ್ಟು ನಿಂತು, ಅವನ ಮುಖವನ್ನಲ್ಲ, ಕೈಯನ್ನೂ ಅಲ್ಲ, ಟ್ಯೂಬಿನ ಬಾಯನ್ನು ನೋಡುತ್ತಾ ಕೂಗಿತು. ಅವನು ಟ್ಯೂಬನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಬೂದಿ ಹಾರಿತು. ಒಂದು ವರ್ಷ ಕಣ್ಣು ಮುಚ್ಚಿ ಕೂತು ಅವನು ಏನೇನು ಅಂದುಕೊಂಡಿದ್ದನೋ ಅಷ್ಟೂ ಆ ಹಾರಾಟದಲ್ಲಿ ಮುಗಿದುಹೋಯಿತು. ಜಿಡ್ಡಿನ ರುಚಿಗೆ ಬರುತ್ತಿತ್ತು. ಅಷ್ಟೇ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬೂದಿ ಓಡಿದ್ದು ಕಂಡು ಬಂದ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವಳು ಟ್ಯೂಬು ನೋಡಿದಳು, ಬೆಕ್ಕು ನೋಡಿದಳು, ಆಮೇಲೆ ಅವನ ಕೈ ನೋಡಿದಳು. ಎಷ್ಟೋ ತಿಂಗಳ ಮೇಲೆ ಕಣ್ಣು ತಪ್ಪಿಸದೆ ನೋಡಿದಳು.

‘ಎಷ್ಟು ದಿನದಿಂದ?’

‘ಒಂದು ವರ್ಷದಿಂದ.’

‘ಡಾಕ್ಟ್ರು ಕೇಳಿದಾಗ ಗೊತ್ತಿತ್ತಾ?’

ಅವನು ಟ್ಯೂಬಿಗೆ ಮುಚ್ಚಳ ಹಾಕಿದ. ಅವಳು ಬೂದಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಅವಳು ಕಿರುಚಿದ್ದರೆ, ಸೌಟಿನಿಂದ ಹೊಡೆದಿದ್ದರೆ ಅವನಿಗೆ ಬಹಳ ಸುಲಭವಾಗುತ್ತಿತ್ತು. ‘ನನ್ನ ಬಾಯಲ್ಲಿ ಆ ಅಜ್ಜಿಗೆ ಅನ್ನಿಸಿಬಿಟ್ರಲ್ರೀ’ ಎಂದಳು. ‘ಹೋಗಿ. ಈಗಲೇ ಹೋಗಿ ಹೇಳಿ. ನೀವೇ ಹೇಳಬೇಕು.’

ಎದುರು ಮನೆಯ ಬಾಗಿಲು ತೆರೆದವಳು ಮಗಳು, ಕೆಲಸದಿಂದ ಆಗಷ್ಟೇ ಬಂದವಳು, ಕೈಚೀಲ ಇನ್ನೂ ಹೆಗಲಲ್ಲಿತ್ತು. ಹಿಂದೆ ಅಜ್ಜಿ ಕುರ್ಚಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಬಾಯಿ ಕಟ್ಟಿದ ಬಟ್ಟೆಯ ಚೀಲ. ಅವನು ಹೊಸಿಲಿನಲ್ಲೇ ನಿಂತು ಎಲ್ಲ ಹೇಳಿದ. ಮುಲಾಮು, ಬಚ್ಚಲು, ಚಿಲಕ, ಪೆನ್ಸಿಲಿನ ಗೀಟು. ಯಾವುದನ್ನೂ ಬಿಡಲಿಲ್ಲ, ತಾಳೆ ನೋಡುವವನಂತೆ ಒಂದೊಂದಾಗಿ ಹೇಳಿದ. ಹೇಳಿ ಮುಗಿಸಿ ಎರಡೂ ಅಂಗೈಗಳನ್ನು ಮುಂದೆ ಹಿಡಿದು ತೋರಿಸಿದ. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು.

ಅಜ್ಜಿ ಎದ್ದು ಬಂದಳು. ಅವಳ ಮುಖದಲ್ಲಿ ಸಮಾಧಾನವಿತ್ತು, ಆದರೆ ಅವನು ಬಯಸಿ ಬಂದದ್ದು ಅದಲ್ಲ. ‘ಇಲ್ಲ ಕಣಪ್ಪ. ನಾನೇ ಹಾಕಿದ್ದು’ ಎಂದಳು. ‘ನನಗೀಗ ಚೆನ್ನಾಗಿ ನೆನಪಿದೆ. ಬುಧವಾರ, ಸಂಜೆ ನಾಲ್ಕೂ ಹತ್ತು. ನೀಲಿ ಲೋಟ. ಪುಡಿ ತಳದಲ್ಲಿ ಗಂಟುಕಟ್ಟಿತ್ತು, ಬೆರಳಿನಿಂದ ಕದಡಿ ತಟ್ಟೆಗೆ ಬಗ್ಗಿಸಿದೆ. ಬೂದಿ ನಾಲಿಗೆಯಿಂದ ತಟ್ಟೆ ತಳ್ಳಿಕೊಂಡು ಬಾಗಿಲವರೆಗೆ ಹೋಯ್ತು.’ ಒಂದು ಕಾಲದಲ್ಲಿ ನಂಬರುಗಳನ್ನು ಒಪ್ಪಿಸುತ್ತಿದ್ದ ಅದೇ ಖಚಿತ ದನಿ. ಎಲ್ಲೂ ತಡವರಿಸಲಿಲ್ಲ.

‘ಅಜ್ಜಿ, ಹಾಗಲ್ಲ, ನಾನು...’

‘ನೋಡಿದ್ರಲ್ಲ’ ಎಂದಳು ಮಗಳು ಮೆಲ್ಲಗೆ, ಅವನಿಗೆ ಮಾತ್ರ ಕೇಳುವಂತೆ. ‘ದಿನಕ್ಕೊಂದು ಹೊಸದು ಸೇರಿಸ್ತಾರೆ. ನೀವು ಅವರ ಮನಸ್ಸಿಗೆ ನೋವಾಗಬಾರದು ಅಂತ ಇಷ್ಟೆಲ್ಲ ಹೇಳಿದ್ರಿ, ಥ್ಯಾಂಕ್ಸ್. ಆದ್ರೆ ಇನ್ನು ಪ್ರಯೋಜನ ಇಲ್ಲ.’

ಅಜ್ಜಿ ಅವನ ಚಾಚಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಹಿಂದೆಗೆಯಲಿಲ್ಲ, ಅಳುಕಲಿಲ್ಲ. ಬಿರುಕಿನ ಮೇಲೆ ಅವಳ ಹೆಬ್ಬೆರಳು ನಿಧಾನವಾಗಿ ಆಡಿತು, ಉದುರಿದ ಹೊಟ್ಟು ಅವಳ ಅಂಗೈಗೆ ಅಂಟಿತು. ‘ನನಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೇಳೋಕೆ ಬಂದ್ಯಲ್ಲ’ ಎಂದಳು. ‘ಒಳ್ಳೆಯವನು ಕಣಪ್ಪ ನೀನು.’

ಅವನು ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.